ಊದುವವರು

ಮದುವೆಯಾಗಿ ಆ ಮನೆಗೆ ಬಂದ ಮೊದಲ ಭಾನುವಾರವೇ ಅವಳಿಗೆ ತನ್ನ ಸವತಿಯ ಪರಿಚಯವಾಯಿತು. ಸವತಿ ಎಂದವಳು ಅತ್ತೆ. ಊಟ ಮುಗಿಸಿದ ಗಂಡ ಬೀರುವಿನ ಮೇಲಿಂದ ಒಂದು ಕೆಂಪು ರಟ್ಟಿನ ಹೊದಿಕೆ ಇಳಿಸಿದ. ಅದನ್ನು ಅಂಗಿಯ ತುದಿಯಿಂದ ಒರೆಸಿ, ಒಳಗಿನ ಕಪ್ಪು ತಟ್ಟೆಯನ್ನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎರಡು ಅಂಗೈಗಳ ನಡುವೆ ಎತ್ತಿಕೊಂಡ. ಅತ್ತೆ ಅಡುಗೆಮನೆಯಿಂದಲೇ ಹೇಳಿದಳು: "ನೋಡಮ್ಮ, ನಿನಗಿಂತ ಮುಂಚೆ ಈ ಮನೆ ಸೇರಿದವಳು. ಏಳು ವರ್ಷ ಆಯ್ತು. ಅವಳ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ."

ಹೊದಿಕೆಯ ಮೇಲೆ ಕಬ್ಬಿಣದ ಮೆಟ್ಟಿಲ ಸಾಲಿನಲ್ಲಿ ನಿಂತ ಒಂಬತ್ತು ಗಂಡಸರ ಚಿತ್ರವಿತ್ತು. ಅಗಲ ಕಾಲಿನ ಪ್ಯಾಂಟು, ಗುಂಡಿ ಬಿಚ್ಚಿದ ಅಂಗಿ. ಐವರ ಕೈಯಲ್ಲಿ ಹಿತ್ತಾಳೆಯ ವಾದ್ಯಗಳು. ಹೆಸರು ಅಚ್ಚಾಗಿದ್ದ ಜಾಗ ಕೈ ತಾಗಿ ತಾಗಿ ಬೆಳ್ಳಗಾಗಿತ್ತು. ಮನೆಯಲ್ಲಿ ಅದಕ್ಕೆ ಕೆಂಪು ರೆಕಾರ್ಡು ಎಂದೇ ಹೆಸರು. ರೆಕಾರ್ಡ್ ಪ್ಲೇಯರಿನ ಮುಳ್ಳು ಇಟ್ಟದ್ದೇ ತಡ, ಗೋಡೆಯ ಮೇಲಿದ್ದ ಕ್ಯಾಲೆಂಡರು ನಡುಗಿತು. "ನಿಲ್ದಾಣದಲ್ಲಿರೋ ಬಸ್ಸೆಲ್ಲ ಸೇರ್ಕೊಂಡು ಜಗಳ ಆಡೋ ಹಾಗಿದೆ" ಎಂದಳು ಅತ್ತೆ. ಸೊಸೆಗೂ ಹಾಗೇ ಅನ್ನಿಸಿತು.

ಗಂಡನಿಗೆ ಅದು ಮುಖದಲ್ಲೇ ಗೊತ್ತಾಯಿತು. "ಫಂಕ್ ಅಂತಾರೆ ಇದನ್ನ. ರಾಗ ಹುಡುಕಬೇಡ. ಕಾಲು ಎಲ್ಲಿ ಬೀಳುತ್ತೆ ಅಂತ ನೋಡು. ನಾಲ್ಕು ನಾಲ್ಕು ಎಣಿಸ್ತಾ ಹೋಗು. ಒಂದು ಅಂದಾಗ ಒಂಬತ್ತು ಜನಾನೂ ಒಟ್ಟಿಗೆ ಬೀಳ್ತಾರೆ. ಎರಡು, ಮೂರು, ನಾಲ್ಕಕ್ಕೆ ಯಾರು ಎಲ್ಲಿ ಬೇಕಾದ್ರೂ ಅಲೀಲಿ. ಮತ್ತೆ ಒಂದಕ್ಕೆ ಮನೆಗೆ ಬರಬೇಕು."

"ಬರದೇ ಹೋದ್ರೆ?"

"ಬಾಗಿಲು ಹಾಕ್ಕೊಳ್ಳುತ್ತೆ."

ಅವಳು ದರ್ಜಿ. ತವರಿನಲ್ಲಿದ್ದಾಗಲೇ ಹೊಲಿಗೆ ಕಲಿತಿದ್ದಳು, ಮದುವೆಯಾದ ಮೇಲೆ ಬೀದಿಯ ಕಡೆಯ ಕೋಣೆಯಲ್ಲಿ ಯಂತ್ರ ಹಾಕಿಕೊಂಡಳು. ಬೀದಿಗೆಲ್ಲ ಟೈಲರಕ್ಕನಾದಳು. ಮೆಟ್ಟುಹಲಗೆ ತುಳಿಯುವ ಕಾಲಿಗೆ ಎಣಿಕೆ ಬೇಗ ಹತ್ತಿತು. ವರ್ಷ ತುಂಬುವ ಹೊತ್ತಿಗೆ ಆ ರೆಕಾರ್ಡು ಅವಳಿಗೆ ಗದ್ದಲವಾಗಿ ಉಳಿದಿರಲಿಲ್ಲ. ಬೇಸ್ ಗಿಟಾರು ನೆಲ ಹಾಸುತ್ತಿತ್ತು, ಡ್ರಮ್ಮು ಅದರ ಮೇಲೆ ಸೂಜಿಯ ಹಾಗೆ ಸಣ್ಣ ಸಣ್ಣ ಟಾಕು ಹಾಕುತ್ತಾ ಹೋಗುತ್ತಿತ್ತು. ಆಮೇಲೆ ಎಲ್ಲಿಂದಲೋ ಹಿತ್ತಾಳೆಯವರು ಬಂದು ಒಂದೇ ಒಂದು ಗುದ್ದು ಕೊಟ್ಟು ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದರಲ್ಲೇ ಮಜಾ ಇತ್ತು. ಇನ್ನೊಂದು ಗುದ್ದು ಬರುತ್ತದೆ ಎಂದು ಗೊತ್ತು, ಯಾವಾಗ ಎಂದೂ ಗೊತ್ತು, ಆದರೂ ಬಂದಾಗ ಹೊಟ್ಟೆಯಲ್ಲಿ ಜಾರುಬಂಡಿ ಇಳಿದ ಹಾಗಾಗುತ್ತಿತ್ತು. ಹಾಡುಗಾರ ಏನು ಹೇಳುತ್ತಾನೆಂದು ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ಏನನ್ನೋ ಬೇಡುತ್ತಿದ್ದಾನೆ, ಹಿತ್ತಾಳೆಯವರು ಕೊಡುವುದಿಲ್ಲ ಎನ್ನುತ್ತಿದ್ದಾರೆ, ಅಷ್ಟು ತಿಳಿಯುತ್ತಿತ್ತು.

ಗಂಡನೂ ಊದುತ್ತಿದ್ದ. ಅವನದು ಟ್ರೊಂಬೋನು. ಒಂದು ಹಳೆಯ ಬ್ಯಾಂಡಿನವರು ಮಾರಿದ್ದು. ಬಾಯಿಯ ಬಳಿ ತಗ್ಗು ಬಿದ್ದಿತ್ತು. ತೋಳು ಉದ್ದ ಇದ್ದುದರಿಂದ ಆ ಜಾರುವ ಕೊಳವೆ ಅವನಿಗೆಂದೇ ಮಾಡಿದ ಹಾಗಿತ್ತು. ಜೊತೆಗೆ ಕಾರ್ಖಾನೆಯ ಗೆಳೆಯನೊಬ್ಬ ಟ್ರಂಪೆಟ್ಟಿಗೆ, ಬಸ್ ಡ್ರೈವರೊಬ್ಬ ಸ್ಯಾಕ್ಸೋಫೋನಿಗೆ. ಭಾನುವಾರ ಮಧ್ಯಾಹ್ನ ಮೂವರೂ ಹಿಂದಿನ ಕೋಣೆಯಲ್ಲಿ ಕೂತು ಮುಳ್ಳು ಎತ್ತಿ, ಇಟ್ಟು, ಮತ್ತೆ ಎತ್ತಿ ಇಟ್ಟು, ರೆಕಾರ್ಡಿನ ಒಂದೊಂದು ಗುದ್ದನ್ನೂ ಕಿವಿಯಿಂದಲೇ ಕಲಿತಿದ್ದರು. ಎರಡನೇ ಬದಿಯ ಮೂರನೇ ಹಾಡಿನಲ್ಲಿ ಟ್ರಂಪೆಟ್ಟು ಟ್ರೊಂಬೋನು ಎರಡೂ ಸೇರಿ ಒಂದೇ ಸ್ವರವನ್ನು ಎಂಟು ಸುತ್ತು, ಮೂವತ್ತೆರಡು ಎಣಿಕೆ, ಉಸಿರು ಬಿಡದೆ ಹಿಡಿಯಬೇಕು. ಮಿಕ್ಕವರೆಲ್ಲ ಕೆಳಗೆ ಕುಣಿಯುತ್ತಿರುತ್ತಾರೆ, ಇವರಿಬ್ಬರು ಮಾತ್ರ ಬಿಗಿದ ಹಗ್ಗದ ಹಾಗೆ. ಮೊದಲು ಬಿಟ್ಟವನು ಎಲ್ಲರಿಗೂ ಟೀ ತರಬೇಕು. ಗಂಡನೂ ಗೆಳೆಯನೂ ಕಣ್ಣು ಕೆಂಪಗೆ ಮಾಡಿಕೊಂಡು ಹಿಡಿಯುತ್ತಿದ್ದರೇ ಹೊರತು ಬಿಡುತ್ತಿರಲಿಲ್ಲ. ಕಡೆಗೆ ಟೀ ಮಾಡುತ್ತಿದ್ದವಳು ಅವಳೇ.

ವಾರದ ಮಿಕ್ಕ ದಿನಗಳಲ್ಲಿ ಗಂಡನೂ ಟ್ರಂಪೆಟ್ಟಿನ ಗೆಳೆಯನೂ ಮರಳು ಊದುತ್ತಿದ್ದರು. ಅದು ನೀರಿನ ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ. ಅಚ್ಚಿನಿಂದ ಹೊರಬಂದ ಕಬ್ಬಿಣಕ್ಕೆ ಮಣ್ಣು, ಕರಿ ಅಂಟಿರುತ್ತದೆ. ಅದನ್ನು ತೆಗೆಯಲು ದಪ್ಪ ರಬ್ಬರ್ ಪೈಪಿನಿಂದ ಗಾಳಿಯ ಒತ್ತಡದಲ್ಲಿ ಮರಳು ಹೊಡೆಯಬೇಕು. ತಗಡಿನ ಶೆಡ್ಡು, ಎರಡು ಕಿಟಕಿ, ಎಂಟು ಜನ. ಸಂಜೆ ಹೊರಗೆ ಬಂದರೆ ಎಂಟು ಜನಕ್ಕೂ ಹುಬ್ಬು ಬೆಳ್ಳಗೆ. ರಬ್ಬರಿನ ಮಾಸ್ಕುಗಳ ಒಂದು ಪೆಟ್ಟಿಗೆ ಉಗ್ರಾಣದಲ್ಲಿತ್ತು. ತಪಾಸಣೆಗೆ ಯಾರಾದರೂ ಬಂದ ದಿನ ಹೊರಗೆ ಬರುತ್ತಿತ್ತು, ಸಂಜೆ ಎಣಿಸಿ ಒಳಗಿಟ್ಟು ಬೀಗ ಹಾಕುತ್ತಿದ್ದರು. ಹಾಗಾಗಿ ಅವಳೇ ಹಳೆಯ ಹತ್ತಿ ಸೀರೆ ಕತ್ತರಿಸಿ, ಎರಡು ಪದರ ಮಾಡಿ, ದಾರ ಇಟ್ಟು ಎಂಟು ಮಾಸ್ಕು ಹೊಲಿದುಕೊಟ್ಟಳು. ಹರಿದಾಗಲೆಲ್ಲ ಮತ್ತೆ ಹೊಲಿದಳು. ಎಂಟೂ ಜನ ಅವಳನ್ನು ಹೊಗಳಿದರು. ಒಗೆಯಲು ಬಂದ ಬಟ್ಟೆಯ ಒಳಪದರದಲ್ಲೂ ಬಿಳಿ ಪುಡಿ ಕಾಣುತ್ತಿತ್ತು. ಅಷ್ಟನ್ನಾದರೂ ತಡೆಯಿತಲ್ಲ ಎಂದುಕೊಂಡಳು. ತಡೆಯದೆ ಒಳಗೆ ಹೋದದ್ದು ಎಷ್ಟು ಎಂಬ ಲೆಕ್ಕ ಆಗ ಅವಳ ತಲೆಗೆ ಹೊಳೆಯಲೇ ಇಲ್ಲ.

ಹೀಗೆ ಹದಿನೇಳು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ. ಟ್ರಂಪೆಟ್ಟಿನ ಗೆಳೆಯ ಶೆಡ್ಡಿಗೆ ಮೇಸ್ತ್ರಿಯಾದ. ಪೈಪು ಹಿಡಿಯುವುದು ತಪ್ಪಿತು, ನಿಂತು ಮಾಡಿಸುವ ಕೆಲಸ. ಗಂಡನಿಗೆ ಕೆಮ್ಮು ಶುರುವಾಯಿತು.

ಮೊದಲು ಗಮನಿಸಿದ್ದು ಅವಳ ಅಳತೆಪಟ್ಟಿ. ಅವನ ಅಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದುದು. ಎದೆಯ ಸುತ್ತಳತೆ ತೆಗೆಯುವಾಗ ಉಸಿರು ಎಳೆದುಕೊಳ್ಳಿ, ಬಿಡಿ ಎನ್ನುವುದು ಅವಳ ಅಭ್ಯಾಸ. ಊದುವವನ ಎದೆ, ಎಳೆದುಕೊಂಡರೆ ಮೂರು ಇಂಚು ಹಿಗ್ಗುತ್ತಿತ್ತು. ಆ ವರ್ಷ ಒಂದೂವರೆ ಇಂಚಾಯಿತು. ಮುಂದಿನ ವರ್ಷ ಅರ್ಧ ಇಂಚಿಗೆ ಬಂತು. ಅಂಗಿಗಳನ್ನು ಬಿಚ್ಚಿ ಮೂರು ಸಲ ಒಳಗೆ ಹಿಡಿದಳು.

ಎದೆರೋಗದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಫೋಟೋವನ್ನು ದೀಪದ ಹಲಗೆಗೆ ಸಿಕ್ಕಿಸಿ ಬೆರಳಿಟ್ಟು ತೋರಿಸಿದರು. "ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತಿದೆ. ಸುತ್ತ ಗಾಯ ಆಗಿ ಗಟ್ಟಿಯಾಗಿದೆ. ಅದು ವಾಪಸು ಬರೋದಿಲ್ಲ. ಕೆಲಸ ಬಿಡಿ."

"ಬಿಟ್ರೆ ವಾಸಿ ಆಗುತ್ತಾ?" ಎಂದು ಕೇಳಿದಳು.

ಡಾಕ್ಟರು ಫೋಟೋ ಇಳಿಸಿ ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟರು. 

ಕಾರ್ಖಾನೆಯ ಡಾಕ್ಟರು ಮಾತ್ರ ಇದು ಬೀಡಿಯಿಂದ ಬಂದದ್ದು ಎಂದು ಬರೆದರು. ಹುಟ್ಟಿದಾರಭ್ಯ ಬೀಡಿ ಮುಟ್ಟದವನು ಗಂಡ. ತುಟಿ ಕೆಡುತ್ತದೆ, ಊದಲಾಗುವುದಿಲ್ಲ ಎನ್ನುತ್ತಿದ್ದ. ಅವಳು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಮೂರು ತಿಂಗಳಾದ ಮೇಲೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದು ಹೋದ. ಶೆಡ್ಡಿನ ಪರವಾಗಿ ಹೇಳಿಕೆಗೆ ಸಹಿ ಹಾಕಿದವನು ಮೇಸ್ತ್ರಿ. 'ಎಲ್ಲ ಕೆಲಸಗಾರರಿಗೂ ರಬ್ಬರ್ ಮಾಸ್ಕ್ ಕೊಡಲಾಗಿದೆ. ಕೆಲವರು ಸ್ವಇಚ್ಛೆಯಿಂದ ಧರಿಸುವುದಿಲ್ಲ.' ಕೆಳಗೆ ಧರಿಸುವವರ ಪಟ್ಟಿ, ಧರಿಸದವರ ಪಟ್ಟಿ. ಧರಿಸದವರಲ್ಲಿ ಅವಳ ಗಂಡನ ಹೆಸರೊಂದೇ. ದೂರು ಅಲ್ಲಿಗೆ ಮುಗಿಯಿತು.

ಆ ಕಾಗದದ ನಕಲನ್ನು ಓದಿದ ದಿನ ಅವಳ ಮೈಯೆಲ್ಲ ಉರಿಯಿತು. ಗಂಡ ಓದಿ ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡ. "ಅವನಿಗೆ ಇಬ್ಬರು ಹೆಣ್ಣುಮಕ್ಕಳು" ಎಂದ.

"ನಿಮಗೆ ನಾನಿದ್ದೀನಲ್ಲ."

"ಅದಕ್ಕೇ ಹೇಳ್ತಿರೋದು. ನನ್ನ ಕಷ್ಟ ನೋಡ್ಕೊಳ್ಳೋಕೆ ನೀನಿದ್ದೀಯ."

ಅಂದಿನಿಂದ ಮೇಸ್ತ್ರಿ ಆ ಮನೆಯ ಕಡೆ ತಲೆ ಹಾಕಲಿಲ್ಲ. ಟ್ರೊಂಬೋನು ಗೋಡೆಯ ಮೂಲೆ ಸೇರಿತು. ಗಂಡ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ಕೂತು ರೆಕಾರ್ಡು ಕೇಳುತ್ತಿದ್ದ. ಭಾನುವಾರ ಎಂಬ ಕಟ್ಟುಪಾಡು ಹೋಯಿತು, ದಿನವೂ ಕೇಳಿದ. ಅವಳು ಹೊಲಿಗೆಯ ಕೋಣೆಯಿಂದ ಎದ್ದು ಬಂದು ಬದಿ ಮಗುಚಿ ಹಾಕಿ ಹೋಗಬೇಕು.

ಒಂದು ಮಧ್ಯಾಹ್ನ ಅವನು ಅವಳ ಕೈ ಹಿಡಿದು ಕೂರಿಸಿಕೊಂಡ. ಎರಡು ಮಾತಿಗೊಮ್ಮೆ ನಿಲ್ಲಬೇಕಾಗುತ್ತಿತ್ತು. "ಇಲ್ಲಿ ಕೇಳು. ಇವರು ಎಲ್ಲಾರೂ ಒಂದೇ ಕೋಣೇಲಿ ಕೂತು ಮಾಡಿರೋದು ಇದು. ಈಗಿನ ಹಾಗೆ ಒಬ್ಬೊಬ್ಬರದು ಬೇರೆ ಬೇರೆ ಅಲ್ಲ. ಹಿತ್ತಾಳೆಯವರು ಬರೋಕೆ ಮುಂಚೆ... ಕಿವಿ ಕೊಡು."

ಅವಳು ಕಿವಿ ಕೊಟ್ಟಳು. ಡ್ರಮ್ಮು ನಡೆಯುತ್ತಿತ್ತು, ಗಿಟಾರು ಕೆರೆಯುತ್ತಿತ್ತು. ಆಮೇಲೆ ಹಿತ್ತಾಳೆ ಗುದ್ದುವ ಅರೆ ಕ್ಷಣ ಮೊದಲು ಸಣ್ಣಗೆ ಒಂದು ಸದ್ದು ಕೇಳಿಸಿತು. ಐದು ಜನ ಗಂಡಸರು ಒಟ್ಟಿಗೆ ಬಾಯಿ ತೆರೆದು ಉಸಿರು ಎಳೆದುಕೊಂಡ ಸದ್ದು. ಹತ್ತೊಂಬತ್ತು ವರ್ಷ ಅದೇ ರೆಕಾರ್ಡು ಕೇಳಿದ್ದಳು, ಇದನ್ನು ಕೇಳಿಸಿಕೊಂಡಿರಲಿಲ್ಲ.

"ನನಗೆ ಈಗ ಇದೇ ಹಾಡು. ಮಿಕ್ಕಿದ್ದೆಲ್ಲ ಬಂದು ಹೋಗುತ್ತೆ ಅಷ್ಟೆ" ಎಂದ. "ಎಷ್ಟು ಸಲೀಸಾಗಿ ಎಳ್ಕೊಳ್ತಾರೆ ನೋಡು. ಬಿಟ್ಟಿ ಸಿಗೋದು ಅನ್ನೋ ಹಾಗೆ."

ಆಮೇಲಿಂದ ಅವಳಿಗೂ ಬೇರೆ ಏನೂ ಕೇಳಿಸದಾಯಿತು. ಒಂದು ಕಿವಿಯಲ್ಲಿ ಆ ಐವರ ಉಸಿರು, ಇನ್ನೊಂದರಲ್ಲಿ ಪಕ್ಕದಲ್ಲಿ ಕೂತವನದು. ಅವನದು ಒಳಗೆ ಹೋಗುವಾಗ ಒಣ ಎಲೆ ತುಳಿದ ಹಾಗೆ ಸದ್ದಾಗುತ್ತಿತ್ತು. ಎಷ್ಟು ಎಣಿಕೆಗೆ ಒಮ್ಮೆ ಎಳೆಯುತ್ತಾನೆ, ಎಷ್ಟು ಹೊತ್ತು ಹಿಡಿಯುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಎದೆ ಬಿಗಿದವನು ಹೇಗೆ ಹೆಗಲನ್ನು ಎತ್ತಿ ಉಸಿರಾಡುತ್ತಾನೆ, ಹೇಗೆ ಮಾತಿನ ನಡುವೆ ಏನೋ ಯೋಚಿಸುವವನ ಹಾಗೆ ನಟಿಸಿ ಗಾಳಿ ಕದಿಯುತ್ತಾನೆ ಎಂಬುದೂ ತಿಳಿದಿತ್ತು.

ಹಾಸಿಗೆ ಬಿಟ್ಟು ಏಳಲಾಗದ ಹೊತ್ತಿಗೆ ಅವನು ಒಂದು ಆಸೆ ಹೇಳಿದ. "ಅವರಿಬ್ಬರನ್ನೂ ಕರೆಸು. ಒಂದು ಸಲ ಊದಲಿ. ನಾನು ಕೇಳ್ತೀನಿ."

"ಡ್ರೈವರಣ್ಣನ್ನ ಕರೀತೀನಿ. ಇನ್ನೊಬ್ಬ ಈ ಹೊಸಿಲು ತುಳಿಯೋದು ಬೇಡ."

"ಸ್ಯಾಕ್ಸೋಫೋನು ಒಂದೇ ಏನು ಮಾಡುತ್ತೆ? ಕರೆಸೇ."

ಅವಳು ಒಪ್ಪಲಿಲ್ಲ. ಎರಡು ದಿನ ಗಂಡ ಹೆಂಡತಿ ಮುಖ ತಿರುಗಿಸಿಕೊಂಡರು. ಮೂರನೆಯ ದಿನ ಅತ್ತೆ, "ಅವನಿಗೆ ಕೋಪ ಮಾಡ್ಕೊಳ್ಳೋಷ್ಟು ಉಸಿರು ಎಲ್ಲಿದೆ? ನಿನಗೆ ಬೇಕಾದಷ್ಟಿದೆ, ನೀನೇ ಸೋಲು" ಎಂದಳು. ಅವಳು ಸೋತಳು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಡ್ರೈವರಣ್ಣ ಒಳಗೆ ಬಂದವನೇ ಮಂಚದ ಅಂಚಿನಲ್ಲಿ ಕೂತು ಗೆಳೆಯನ ಕಾಲು ಹಿಡಿದುಕೊಂಡ. ಮೇಸ್ತ್ರಿ ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತ.

"ಅತ್ತಿಗೆ, ಒಳಗೆ ಬರಲಾ?"

"ಅವರು ಕರೆದಿದ್ದಾರೆ. ಬನ್ನಿ."

ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯಿತು. ತಲೆ ತಗ್ಗಿಸಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಗಂಡ ನಕ್ಕ. "ಏನೋ ಮೇಸ್ತ್ರಿ, ತುಟಿ ತುಕ್ಕು ಹಿಡಿದಿದೆಯಾ?"

"ಹಿಡಿದಿರಬೇಕು. ನಾಲ್ಕೈದು ತಿಂಗಳಾಯ್ತು ಮುಟ್ಟಿ."

"ಹೆದರಬೇಡ. ಟೀ ಇವಳೇ ಮಾಡ್ತಾಳೆ."

ಗಂಡ ಟ್ರೊಂಬೋನನ್ನೂ ತರಿಸಿ ತೊಡೆಯ ಮೇಲೆ ಇಟ್ಟುಕೊಂಡ. ಅವಳು ಮುಳ್ಳು ಇಟ್ಟಳು. ಮೊದಮೊದಲು ತಡವರಿಸಿದರು, ಗುದ್ದುಗಳು ಒಂದೊಂದಾಗಿ ಬಿದ್ದವು. ಎರಡನೆಯ ಹಾಡಿಗೆ ಕಾಲು ನೆಲ ಕಂಡುಕೊಂಡಿತು. ಡ್ರೈವರಣ್ಣನ ಕೆನ್ನೆ ಉಬ್ಬಿತು, ಕಿಟಕಿಯ ಗಾಜು ನಡುಗಿತು, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಗಂಡ ಕಣ್ಣು ಮುಚ್ಚಿ ಕೊಳವೆಯನ್ನು ಮುಂದಕ್ಕೆ ಹಿಂದಕ್ಕೆ ಜಾರಿಸುತ್ತಿದ್ದ, ಬಾಯಿ ತಾಗಿಸಲಿಲ್ಲ. ಒಂದು ಸಲವೂ ಜಾಗ ತಪ್ಪಲಿಲ್ಲ. ಸಿಟ್ಟು ಇನ್ನೂ ಆರದಿದ್ದರೂ ಅವಳ ಹೆಬ್ಬೆರಳು ತಾನಾಗಿ ನೆಲ ಬಡಿಯುತ್ತಿತ್ತು. ಈ ಹಾಳು ರೆಕಾರ್ಡಿನ ಗುಣವೇ ಹಾಗೆ. ಯಾರ ಮೇಲೆ ಎಷ್ಟೇ ಕೋಪವಿರಲಿ, ಒಂದಕ್ಕೆ ಎಲ್ಲರನ್ನೂ ಒಂದೇ ಕಡೆ ತಂದು ಕೂರಿಸಿಬಿಡುತ್ತಿತ್ತು.

ಬದಿ ಮಗುಚಿದಳು. ಮೂರನೇ ಹಾಡು ಬಂತು. ಉದ್ದ ಸ್ವರ ಬರುತ್ತಿದ್ದಂತೆ ಮೇಸ್ತ್ರಿ ಎದ್ದು ನಿಂತು ಉಸಿರು ಎಳೆದ. ಎಳೆಯುವಾಗ ಅವನ ಹೆಗಲೆರಡೂ ಕಿವಿಯ ತನಕ ಏರಿದವು.

ಅವಳು ಎಣಿಸುವುದನ್ನು ಬಿಟ್ಟು ಅವನನ್ನೇ ನೋಡಿದಳು. ಒಂದು ಸುತ್ತು, ಎರಡು, ಮೂರು ಸುತ್ತು. ನಾಲ್ಕನೆಯದರಲ್ಲಿ ಸ್ವರದ ಅಂಚು ಅದುರಿತು. ಐದನೆಯದರ ನಡುವೆ ಸ್ವರ ಮುರಿಯಿತು. ಮೇಸ್ತ್ರಿ ಟ್ರಂಪೆಟ್ಟು ಕೆಳಗಿಳಿಸಿ, ಗುಂಡಿ ಸಿಕ್ಕಿಕೊಂಡಿತೇನೋ ಎಂಬಂತೆ ಬೆರಳಿನಿಂದ ಒತ್ತಿ ಒತ್ತಿ ನೋಡಿದ. ನೋಡುತ್ತಲೇ ಕದ್ದು ಕದ್ದು ಉಸಿರು ಎಳೆದ. ಎಳೆದ ಸದ್ದು ಅವಳಿಗೆ ಕೇಳಿಸಿತು. ಒಣ ಎಲೆ.

ಅವಳು ಗಂಡನ ಕಡೆ ತಿರುಗಿದಳು. ಅವನು ಕಣ್ಣು ತೆರೆದಿದ್ದ.

ಟೀ ಕುಡಿದು ಇಬ್ಬರೂ ಹೋದ ಮೇಲೆ ಗಂಡ ಟ್ರೊಂಬೋನನ್ನು ತೊಡೆಯಿಂದ ಇಳಿಸಿದ. ಆಮೇಲೆ, "ಕೇಳಿಸಿತಾ?" ಎಂದ.

"ಹೂಂ."

"ನೀನೇ ಅವನಿಗೆ ಹೇಳು. ಫೋಟೋ ತೆಗೆಸ್ಕೊಳ್ಳಲಿ. ಶೆಡ್ಡಿಂದ ಆಚೆ ಬರಲಿ. ನಾನು ಹೇಳಿದ್ರೆ ಶಾಪ ಹಾಕಿದ ಅಂದ್ಕೋತಾನೆ."

"ಹೇಳ್ತೀನಿ."

"ಬೇಗ ಹೇಳು."

ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಹೋದ. ಸುಲಭದ ಸಾವಲ್ಲ. ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರಿನಿಂದ ಮೇಲೆ ಬರಲು ನೋಡುವವನ ಹಾಗೆ ಬೆಳಗಿನ ನಾಲ್ಕು ತಾಸು ಹೆಣಗಾಡಿದ. ಅವಳು ಬೆನ್ನು ಉಜ್ಜುತ್ತಿದ್ದಳು. ಅತ್ತೆ ಮಗನ ಬಾಯಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು, ಹೋದ ಮೇಲೂ ಸ್ವಲ್ಪ ಹೊತ್ತು ಹಾಕಿದಳು.

ಹೆಗಲು ಕೊಟ್ಟವರಲ್ಲಿ ಮೇಸ್ತ್ರಿಯೂ ಇದ್ದ. ಮಣ್ಣು ಮಾಡುವ ಜಾಗ ಸಣ್ಣ ದಿಣ್ಣೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಅವನು ಇನ್ನೊಬ್ಬನಿಗೆ ಹೆಗಲು ಬದಲಾಯಿಸಿ, ಪಕ್ಕದ ಗೋಡೆಗೆ ಕೈ ಊರಿ ನಿಂತುಬಿಟ್ಟ. ದುಃಖ ತಡೆಯಲಾಗಲಿಲ್ಲ ಪಾಪ ಎಂದು ಜನ ಅಂದುಕೊಂಡರು. ಹಿಂದೆ ಬರುತ್ತಿದ್ದ ಅವಳಿಗೆ ಮಾತ್ರ ಅದು ಏನೆಂದು ಗೊತ್ತಿತ್ತು. ಹತ್ತಿರ ಹೋಗಿ ಹೇಳಬಹುದಿತ್ತು. ಅವನನ್ನು ದಾಟಿಕೊಂಡು ನಡೆದಳು.

ಆಮೇಲೆಯೂ ಹೇಳಲಿಲ್ಲ. ಇವತ್ತು ಬೇಡ, ಕಾರ್ಯ ಎಲ್ಲ ಮುಗಿಯಲಿ ಎಂದುಕೊಂಡಳು. ಅದು ಮುಗಿದ ಮೇಲೆ, ಅವನಾಗಿ ಈ ಕಡೆ ಬಂದರೆ ಹೇಳಿದರಾಯಿತು ಎಂದುಕೊಂಡಳು. ಒಳಗೆ ಇದ್ದದ್ದು ಬೇರೆ. ದಿಂಬಿನ ಕೆಳಗೆ ಆ ಹೇಳಿಕೆಯ ನಕಲು ಸಿಕ್ಕಿತ್ತು. ಧರಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ಮೇಸ್ತ್ರಿಯದೇ. ಧರಿಸುತ್ತಿದ್ದನಲ್ಲ, ಇನ್ನೇನು ಭಯ ಅವನಿಗೆ ಎಂದು ಮನಸ್ಸು ಹಲ್ಲು ಕಡಿಯುತ್ತಿತ್ತು. ಒಂದು ತಿಂಗಳು ಹೋಯಿತು, ಇನ್ನೊಂದು ಹೋಯಿತು. ಹಾಗೆಯೇ ನಾಲ್ಕಾದವು.

ಈ ನಡುವೆ ಒಂದು ಭಾನುವಾರ ಅತ್ತೆ, "ಯಾಕೆ ಮನೆ ಇಷ್ಟು ಸುಮ್ಮನಿದೆ? ನಿನ್ನ ಸವತೀನ ಮಾತಾಡಿಸು" ಎಂದಳು. ಮುದುಕಿಗೆ ಅಷ್ಟು ಹೊತ್ತಿಗೆ ಕಿವಿ ಮುಕ್ಕಾಲು ಹೋಗಿತ್ತು. ಅವಳು ರೆಕಾರ್ಡು ಹಾಕಿ ಪಕ್ಕದಲ್ಲಿ ಕೂತಳು. ಅದೇ ನೆಲ, ಅದೇ ಟಾಕು. ಹಿತ್ತಾಳೆಯವರು ಬರುವ ಮೊದಲು ಐವರೂ ಉಸಿರು ಎಳೆದರು, ಮತ್ತೆ ಮತ್ತೆ, ಒಂದು ಸಲವೂ ತಪ್ಪದೆ. ಅವರಲ್ಲಿ ಈಗ ಎಷ್ಟು ಜನ ಬದುಕಿದ್ದಾರೋ. ತಟ್ಟೆಯ ಮೇಲೆ ಮಾತ್ರ ಯಾರಿಗೂ ಎದೆ ಬಿಗಿದಿಲ್ಲ. ಅತ್ತೆ ಸ್ಪೀಕರಿನ ಡಬ್ಬದ ಮೇಲೆ ಅಂಗೈ ಇಟ್ಟುಕೊಂಡು, ಅದರ ನಡುಕವನ್ನೇ ಕೇಳುತ್ತಾ ಅಳುತ್ತಿದ್ದಳು. ಸಮಾಧಾನಕ್ಕೆ ಹಾಕಿದ್ದೋ ಗಾಯ ಕೆದಕಲು ಹಾಕಿದ್ದೋ ಅವಳಿಗೇ ತಿಳಿಯಲಿಲ್ಲ. ಆದರೂ ನಿಲ್ಲಿಸಲಿಲ್ಲ, ಬದಿ ಮಗುಚಿ ಪೂರ್ತಿ ಕೇಳಿದರು.

ಐದನೆಯ ತಿಂಗಳಲ್ಲಿ ಮೇಸ್ತ್ರಿಯ ಹೆಂಡತಿ ಹೊಲಿಗೆಯ ಕೋಣೆಗೆ ಬಂದಳು. ಕೈಯಲ್ಲಿ ನಾಲ್ಕು ಅಂಗಿ.

"ಅಕ್ಕ, ಇವನ್ನ ಸ್ವಲ್ಪ ಒಳಗೆ ಹಿಡಿದುಕೊಡಿ. ಎಲ್ಲ ದೊಗಳೆ ಆಗಿವೆ. ಸಕ್ಕರೆ ಕಾಯಿಲೆ ಏನಾದ್ರೂ ಬಂದಿದೆಯೋ ಏನೋ, ಇಳಿದುಹೋಗಿದ್ದಾರೆ. ಡಾಕ್ಟರ ಹತ್ರ ಬನ್ನಿ ಅಂದ್ರೆ ಕೇಳಲ್ಲ."

ಟೈಲರಕ್ಕ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಪಿನ್ನು ಚುಚ್ಚಿ ಗುರುತು ಮಾಡಿದ್ದ ಕಡೆ ಪಟ್ಟಿ ಹಿಡಿದಳು. ಎದೆಯಲ್ಲಿ ಎರಡೂವರೆ ಇಂಚು ಕಡಿಮೆ. ಕತ್ತರಿಯನ್ನು ಬದಿಗಿಟ್ಟಳು.

"ಕೆಮ್ಮು ಇದೆಯಾ?"

"ಬೆಳಿಗ್ಗೆ ಬೆಳಿಗ್ಗೆ. ಧೂಳಿಗೆ ಅಂತಾರೆ."

"ಮೆಟ್ಟಿಲು ಹತ್ತುವಾಗ ನಿಲ್ತಾರಾ?"

ಮೇಸ್ತ್ರಿಯ ಹೆಂಡತಿ ತಲೆ ಎತ್ತಿದಳು. ಗೋಡೆಯ ಮೇಲಿದ್ದ ಟೈಲರಕ್ಕನ ಗಂಡನ ಫೋಟೋ ನೋಡಿದಳು, ಇವಳ ಮುಖ ನೋಡಿದಳು, ಪಕ್ಕದ ಬೆಂಚಿನ ಮೇಲೆ ಕೂತಳು. "ಹಾಗನ್ನಬೇಡಿ ಅಕ್ಕ" ಎಂದಳು.

"ನಾಳೇನೇ ಎದೆ ಆಸ್ಪತ್ರೆಗೆ ಕರ್ಕೊಂಡು ಹೋಗು. ಹದಿನೇಳನೇ ಕೋಣೆ. ಬೆಳಿಗ್ಗೆ ಏಳಕ್ಕೆ ಚೀಟಿ ಕೊಡ್ತಾರೆ." ಆಮೇಲೆ ತಾನೇ ಹೇಳಬೇಕಾದ್ದನ್ನು ಹೇಳಿದಳು. "ನನಗೆ ಮುಂಚೇನೇ ಗೊತ್ತಿತ್ತು. ಅವತ್ತು ಊದೋಕೆ ಬಂದಾಗಲೇ. ಹೇಳು ಅಂತ ಇವರು ಹೇಳಿದ್ರು. ನಾನು ಹೇಳಲಿಲ್ಲ."

ಆ ಹೆಂಗಸು ಅಂಗಿಗಳನ್ನು ಒಂದೊಂದಾಗಿ ಮಡಚಿ ಎತ್ತಿಕೊಂಡು ಹೋದಳು.

ಮೇಸ್ತ್ರಿಯ ಎಕ್ಸ್‌ರೇ ಫೋಟೋದಲ್ಲೂ ಅದೇ ಬಂತು. ಒಂದು ವಾರ ಬಿಟ್ಟು ಸಂಜೆ ಮೇಸ್ತ್ರಿ ಬಂದ. ಕರೆಯುವವರೆಗೆ ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತ.

"ನಾಲ್ಕು ತಿಂಗಳು ಅತ್ತಿಗೆ. ನಾಲ್ಕು ತಿಂಗಳು ಆ ಧೂಳಲ್ಲೇ ನಿಂತಿದ್ದೆ."

"ಹೌದು."

"ಮುಂಚೆ ಬಂದಿದ್ರೂ ಹೆಚ್ಚೇನೂ ಆಗ್ತಿರಲಿಲ್ಲ ಅಂದ್ರು ಡಾಕ್ಟರು. ಸ್ವಲ್ಪ ದಿನ ಹೆಚ್ಚು ಸಿಗ್ತಿತ್ತೇನೋ ಅಂದ್ರು."

"ಆ ಸ್ವಲ್ಪ ದಿನ ನಾನು ತಿಂದೆ." ಅವಳು ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. "ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

"ನನಗಿದೆಯಾ?" ಎಂದ ಅವನು.

  ಮೇಸ್ತ್ರಿ ಜೇಬಿನಿಂದ ಬಿಳಿ ಹಾಳೆ ತೆಗೆದ. ಹೊಸ ಹೇಳಿಕೆ ಬರೆದುಕೊಂಡು ಬಂದಿದ್ದ. ಅಕ್ಷರ ಸರಿ ಇದೆಯೇ ನೋಡಿಕೊಡಿ ಎಂದ. ರಬ್ಬರ್ ಮಾಸ್ಕುಗಳು ಬೀಗದಲ್ಲಿದ್ದವು, ಹೆಂಗಸೊಬ್ಬಳು ಹೊಲಿದ ಬಟ್ಟೆಯನ್ನೇ ಎಲ್ಲರೂ ಕಟ್ಟಿಕೊಳ್ಳುತ್ತಿದ್ದೆವು, ಹಿಂದಿನ ಹೇಳಿಕೆ ಸುಳ್ಳು, ಕಾರ್ಖಾನೆಯವರು ಬರೆದುಕೊಟ್ಟದ್ದಕ್ಕೆ ನಾನು ಸಹಿ ಮಾಡಿದೆ ಎಂದಿತ್ತು. ಅವಳು ಎರಡು ಕಡೆ ಒತ್ತಕ್ಷರ ತಿದ್ದಿದಳು. "ಹೆಂಗಸೊಬ್ಬಳು" ಎಂಬುದನ್ನು ಹೊಡೆದು ಹಾಕಿ ತನ್ನ ಹೆಸರು ಬರೆದಳು.

ಅದರಿಂದ ಆದದ್ದು ಇಷ್ಟು. ಇಲಾಖೆಯ ಕಚೇರಿಯಲ್ಲಿ ಹಳೆಯ ಕಾಗದ ತೆಗೆದು ಅವನ ಮುಂದೆಯೇ ಇಟ್ಟರು. "ಒಬ್ಬ ಮನುಷ್ಯ ಎರಡು ಮಾತು ಹೇಳಿದ್ರೆ ಯಾವುದನ್ನ ನಂಬೋದು ಮೇಸ್ತ್ರಿ? ಮಾಸ್ಕ್ ಹಾಕ್ಕೊಳ್ಳೋರ ಪಟ್ಟೀಲಿ ನಿಮ್ಮ ಹೆಸರೇ ಮೊದಲಿದೆ. ಹಾಕ್ಕೊಂಡಿದ್ರೆ ಕಾಯಿಲೆ ಹೇಗೆ ಬಂತು?" ಗಂಡನ ದೂರು ಮತ್ತೆ ತೆರೆಯಲಿಲ್ಲ. ಮೇಸ್ತ್ರಿಯದು ಶುರುವೇ ಆಗಲಿಲ್ಲ. ಅವನನ್ನು ಶೆಡ್ಡಿನಿಂದ ತೆಗೆದು ಗೇಟಿನ ಬಳಿ ಕೂರಿಸಿದರು, ತಿಂಗಳಾದ ಮೇಲೆ ಅಲ್ಲಿಂದಲೂ ಕಳಿಸಿದರು. ಹೋಗುವ ಮುಂಚೆ ಅವನು ಒಂದು ಕೆಲಸ ಮಾಡಿದ. ಊಟದ ಹೊತ್ತಿನಲ್ಲಿ ಶೆಡ್ಡಿನ ಆರು ಜನರನ್ನೂ ನಿಲ್ಲಿಸಿ, ಅಂಗಿ ಎತ್ತಿ, ಒಳಗೆ ಬಿದ್ದ ಎದೆ ತೋರಿಸಿ, ಫೋಟೋ ತೆಗೆಸಿಕೊಳ್ಳಿ ಎಂದ. ಮೂವರು ಹೋದರು. ಇಬ್ಬರಿಗೆ ಕಲೆ ಕಂಡಿತು. ಮಿಕ್ಕ ಮೂವರು, ನೋಡಿದರೆ ತಾನೇ ಇರೋದು ಎಂದು ಹೋಗಲಿಲ್ಲ. ಖಾಲಿಯಾದ ಜಾಗಕ್ಕೆ ಹೊಸಬರು ಬಂದರು.

ಈಗ ಮಂಗಳವಾರ ಮಂಗಳವಾರ ಎದೆ ಆಸ್ಪತ್ರೆಯ ಸರದಿಯಲ್ಲಿ ಮೇಸ್ತ್ರಿಯ ಹೆಂಡತಿಯ ಜೊತೆ ಟೈಲರಕ್ಕನೂ ನಿಲ್ಲುತ್ತಾಳೆ. ಯಾರೂ ಕರೆದದ್ದಲ್ಲ. ಮೊದಲ ಸಲ ಹೋಗಿ ಪಕ್ಕದಲ್ಲಿ ನಿಂತಾಗ ಆಕೆ ಮುಖ ತಿರುಗಿಸಿದ್ದಳು. ಎರಡನೆಯ ಸಲ ಚೀಟಿಗೆ ಮುದ್ರೆ ಎಲ್ಲಿ ಒತ್ತಿಸಬೇಕು ಎಂದು ಕೇಳಿದಳು. ಆಮ್ಲಜನಕದ ಕೋಣೆಯಲ್ಲಿ ಯಾರನ್ನು ಹಿಡಿದರೆ ಕೆಲಸವಾಗುತ್ತದೆ, ಯಾವ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಬೆನ್ನ ಹಿಂದೆ ಎಷ್ಟು ದಿಂಬು ಇಟ್ಟರೆ ನಿದ್ದೆ ಹತ್ತುತ್ತದೆ ಎಂಬುದೆಲ್ಲ ಟೈಲರಕ್ಕನಿಗೆ ಗೊತ್ತು.

ಮೊನ್ನೆಯ ಮಂಗಳವಾರ ಸರದಿ ಉದ್ದವಿತ್ತು. ಮೇಸ್ತ್ರಿಗೆ ನಿಲ್ಲಲಾಗದೆ ಗೋಡೆಯ ಬದಿಯ ಬೆಂಚಿನಲ್ಲಿ ಮಲಗಿಸಿದ್ದರು. ಅವನ ಹೆಂಡತಿ ದನಿ ತಗ್ಗಿಸಿ ಕೇಳಿದಳು: "ಅಕ್ಕ, ಅಣ್ಣ ಮೊದಲನೇ ಫೋಟೋ ತೆಗೆಸಿದ ಮೇಲೆ ಎಷ್ಟು ದಿನ ಇದ್ರು?"

ಟೈಲರಕ್ಕ ಈ ಸಲ ಮುಚ್ಚಿಡಲಿಲ್ಲ. "ಎರಡು ವರ್ಷ ಮೂರು ತಿಂಗಳು."

"ದೊಡ್ಡವಳ ಪರೀಕ್ಷೆ ಮುಗಿಯೋಕೆ ಎರಡು ವರ್ಷ ಬೇಕು" ಎಂದಳು ಆಕೆ. ಬೆರಳು ಮಡಚಿ ತಿಂಗಳುಗಳನ್ನು ಇನ್ನೊಮ್ಮೆ ಕೂಡಿಸಿದಳು. "ಅಷ್ಟು ಸಿಗಬಹುದಾ ಇವರಿಗೆ?"

"ಗೊತ್ತಿಲ್ಲ ಕಣೇ."

ಒಳಗಿನಿಂದ ನಂಬರು ಕೂಗಿದರು. ಅವರದಲ್ಲ. ಇಬ್ಬರೂ ಒಂದು ಹೆಜ್ಜೆ ಮುಂದಕ್ಕೆ ಸರಿದು ನಿಂತರು.